ನಾಯಿ ಅಂದ್ರೆ ಏನೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಸಂಜೆ ಹೊತ್ತು ಹೊರಗಿನಿಂದ ಬಂದವರಿಗೆ ಕನ್ನಡ ಹೇಳಿಕೊಡುತ್ತೇನೆ. ಬ್ಯಾಂಕಿಗೆ ವರ್ಗವಾಗಿ ಬಂದವರು, ಓದಲು ಬಂದವರು, ಇಲ್ಲಿಯ ಮನೆಗೆ ಸೊಸೆಯಾಗಿ ಬಂದವರು. ಯಾವ ಬ್ಯಾಚ್ ಆದರೂ ಸರಿ, ಎರಡನೇ ವಾರಕ್ಕೆ ನಾಯಿಯ ವಿಷಯ ಬಂದೇ ಬರುತ್ತದೆ. ಪಾಠದಲ್ಲಿ ಇರುವುದಿಲ್ಲ, ಬೀದಿಯಿಂದ ಬರುತ್ತದೆ. ಅವರು ಕೇಳಿದ್ದು, ನಾನು ಹೇಳಿದ್ದು ಇಲ್ಲಿದೆ. ಊರವರೇ ಕೇಳಿದ ಕೆಲವು ಪ್ರಶ್ನೆಗಳೂ ಸೇರಿವೆ.

ನಾಯಿ ಅನ್ನೋದು ಬೈಗುಳವೋ ಅಲ್ಲವೋ?

ಮೊದಲು ಒಂದು ಅಡುಗೆಮನೆ ನೋಡೋಣ. ಗದಗದಲ್ಲಿ ನಮ್ಮ ಆಯಿ, ಅಂದರೆ ಅಜ್ಜಿ, ಒಲೆ ಮುಂದೆ ಕೂತು ಜ್ವಾಳದ ರೊಟ್ಟಿ ಬಡಿಯುತ್ತಿದ್ದಾಳೆ. ಮೊಮ್ಮಗ ಹಿತ್ತಲಿನಿಂದ ಕೆಸರುಗಾಲಲ್ಲೇ ಒಳಗೆ ಓಡಿ ಬರುತ್ತಾನೆ. "ಏ ನಾಯಿ, ಕಾಲು ತೊಳಕೊಂಡು ಬಾ. ಬಿಸಿ ರೊಟ್ಟಿ ಐತಿ, ಉಣ್ಣು." ಅವನು ಹಲ್ಲು ಕಿರಿಯುತ್ತಾ ಬಚ್ಚಲಿಗೆ ಹೋಗುತ್ತಾನೆ. ಅದೇ ಓಣಿಯಲ್ಲಿ, ನಳದ ನೀರಿನ ಸರದಿಯಲ್ಲಿ, ಒಬ್ಬ ಇನ್ನೊಬ್ಬನಿಗೆ "ಏ ನಾಯಿ" ಅಂದರೆ ಕೊಡಗಳು ಹಾರುತ್ತವೆ.

ನಾನು ವಿದ್ಯಾರ್ಥಿಗಳಿಗೆ ಹೇಳೋ ಲೆಕ್ಕ ಇಷ್ಟೇ: ಆ ಮಾತಿನ ಹಿಂದೆ ಏನು ಬರುತ್ತದೆ ನೋಡಿ. ನಾಯಿ ಅಂದಮೇಲೆ ಊಟಕ್ಕೆ ಕರೆದರೆ ಅದು ಮುದ್ದು. ನಾಯಿ ಅಂದಮೇಲೆ ಅಪ್ಪನ ವಿಷಯ ಬಂದರೆ ಜಗಳ. ಹಳೇ ಗೆಳೆಯರ ನಡುವೆ "ಯಾಕಲೇ ನಾಯಿ, ಎಲ್ಲಿ ಸತ್ತಿದ್ದಿ ಇಷ್ಟು ದಿನ?" ಅನ್ನೋದು ಯೋಗಕ್ಷೇಮ ವಿಚಾರಿಸುವ ರೀತಿ.

ಹಾಗಂತ ಹೊಸಬರು ಪ್ರಯೋಗ ಮಾಡಬೇಡಿ. ನಮ್ಮ ಬ್ಯಾಚಿನ ಒಬ್ಬ ಬ್ಯಾಂಕ್ ನೌಕರ ಇದನ್ನು ಕೇಳಿ ಖುಷಿಯಾಗಿ, ಮರುದಿನ ಚಹಾ ತರುವ ಹುಡುಗನಿಗೆ ನಗುನಗುತ್ತಾ "ಬಾರೋ ನಾಯಿ" ಅಂದರು. ಹುಡುಗ ಗ್ಲಾಸು ಟೇಬಲ್ ಮೇಲಿಟ್ಟು ಹೋದವನು ಒಂದು ವಾರ ಆ ಕಡೆ ತಲೆ ಹಾಕಲಿಲ್ಲ.

ಶಬ್ದ ಎಲ್ಲಿಯದು? ಸಂಸ್ಕೃತದಿಂದ ಬಂತಾ?

ಇಲ್ಲ, ಅಚ್ಚ ದ್ರಾವಿಡ. ತಮಿಳಿನಲ್ಲಿ ನಾಯ್, ತುಳು, ಕೊಡವ ಮಾತಿನಲ್ಲೂ ನಾಯಿ. ತೆಲುಗಿನವರು ಮಾತ್ರ ಕುಕ್ಕ ಅನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಒಂದೇ ಬೀದಿನಾಯಿಗೆ ಮೂರು ಹೆಸರು: ಕನ್ನಡದ ಮನೆಯಲ್ಲಿ ನಾಯಿ, ಉರ್ದು ಮನೆಯಲ್ಲಿ ಕುತ್ತಾ, ಮರಾಠಿ ಮನೆಯಲ್ಲಿ ಕುತ್ರಾ. ಮೂರೂ ಮನೆಯ ರೊಟ್ಟಿ ತಿಂದು ಅದು ಮೂರಕ್ಕೂ ಬಾಲ ಆಡಿಸುತ್ತದೆ.

ಇನ್ನು 'ನಾಯಕ'ನಿಗೂ ನಾಯಿಗೂ ಸಂಬಂಧ ಇದೆಯಾ ಅಂತ ಪ್ರತಿ ಚುನಾವಣೆ ಹೊತ್ತಿಗೆ ಯಾರಾದರೂ ಕೇಳುತ್ತಾರೆ. ಇಲ್ಲ. ನಾಯಕ ಸಂಸ್ಕೃತದ ಮಾತು, ಮುಂದೆ ನಡೆಸುವವನು ಅಂತ ಅರ್ಥ.

ಕುನ್ನಿ, ಸೊಣಗ, ಶ್ವಾನ, ಗ್ರಾಮಸಿಂಹ: ಎಲ್ಲಾ ಒಂದೇನಾ?

ಪ್ರಾಣಿ ಒಂದೇ, ಮರ್ಯಾದೆ ಬೇರೆ ಬೇರೆ.

ಕುನ್ನಿ ಅಂದರೆ ಮರಿ. ಹಳಗನ್ನಡದಿಂದಲೂ ಇರುವ ಮಾತು. ನಮ್ಮ ಕಡೆ ಹಳ್ಳಿಗಳಲ್ಲಿ ಇನ್ನೂ ಜೀವಂತ ಇದೆ. ಆದರೆ ಈಗೀಗ ಮರಿಗಿಂತ ಮನುಷ್ಯರನ್ನು ಬೈಯಲು ಜಾಸ್ತಿ ಬಳಕೆ. ಸೊಣಗ ಅನ್ನೋದು ಸಂಸ್ಕೃತದ ಶುನಕ ಕನ್ನಡದ ಬಾಯಲ್ಲಿ ಸವೆದು ಆದ ರೂಪ. ವಚನಗಳಲ್ಲಿ ಸಿಗುತ್ತದೆ, ಸಂತೆಯಲ್ಲಿ ಸಿಗುವುದಿಲ್ಲ. ಸಾರಮೇಯ ಅಂದರೆ ಸರಮೆಯ ಮಕ್ಕಳು. ಸರಮೆ ಋಗ್ವೇದದಲ್ಲಿ ಬರುವ ಇಂದ್ರನ ನಾಯಿ, ಕಳುವಾದ ಹಸುಗಳನ್ನು ಹುಡುಕಿ ಕೊಟ್ಟವಳು.

ಶ್ವಾನ ಮಾತ್ರ ಸರ್ಕಾರಿ ನೌಕರಿ ಇರುವ ನಾಯಿ. ಪತ್ರಿಕೆ ತೆಗೆದು ನೋಡಿ. ಕಚ್ಚಿದ್ದು 'ಬೀದಿನಾಯಿ'. ಕಳ್ಳನ ವಾಸನೆ ಹಿಡಿದದ್ದು 'ಶ್ವಾನ ದಳ'. ಬಹುಮಾನ ಗೆದ್ದದ್ದು 'ಶ್ವಾನ ಪ್ರದರ್ಶನ'ದಲ್ಲಿ. ಕಚ್ಚಿದ ಶ್ವಾನದ ಸುದ್ದಿ ನಾನಂತೂ ಈವರೆಗೆ ಓದಿಲ್ಲ. ಒಂದೇ ಒಂದು ಶ್ವಾನ ಬಡವರ ಮನೆಗೂ ಬರುತ್ತದೆ, ಶ್ವಾನ ನಿದ್ರೆ. ಸಣ್ಣ ಸಪ್ಪಳಕ್ಕೂ ಎಚ್ಚರವಾಗುವ ನಿದ್ದೆ. ವಿದ್ಯಾರ್ಥಿಗೆ ಕಾಗೆಯ ಚುರುಕು, ಕೊಕ್ಕರೆಯ ಧ್ಯಾನದ ಜೊತೆ ಇದೂ ಇರಬೇಕು ಅಂತ ಹಳೇ ಶ್ಲೋಕ. ಧಾರವಾಡದ ಪಿಜಿಗಳಲ್ಲಿ ತಿಗಣೆ ಇರೋದರಿಂದ ಈ ಗುಣ ತಾನಾಗಿ ಬರುತ್ತದೆ.

ಗ್ರಾಮಸಿಂಹ ಅನ್ನೋದು ತಮಾಷೆಗೆ. ಗಂಭೀರವಾಗಿ ಬಳಸಿದವರನ್ನು ಕಂಡಿಲ್ಲ.

'ಬೊಗಳು' ಅನ್ನೋದನ್ನು ಮನುಷ್ಯರಿಗೂ ಯಾಕೆ ಹೇಳ್ತಾರೆ?

ಕೋಪ ಬಂದಾಗ "ಏನ್ ಬೊಗಳ್ತಿ?" ಅನ್ನೋದು ಎಲ್ಲಾ ಕಡೆ ಇದೆ. ಅದರಿಂದಲೇ ಬೊಗಳೆ ಬಂತು, ಬಡಾಯಿ ಅಂತ ಅರ್ಥ. ಅವನು ಬೊಗಳೆ ಬಿಡ್ತಾನೆ ಅಂದರೆ ಕೇಳಿ ಬಿಟ್ಟುಬಿಡಿ ಅಂತ.

ನಿಜವಾದ ನಾಯಿಗೆ ಕನ್ನಡದಲ್ಲಿ ಸದ್ದುಗಳು ಬೇಕಾದಷ್ಟಿವೆ. ಅಪರಿಚಿತರನ್ನು ಕಂಡರೆ ಬೊಗಳುತ್ತದೆ. ಎಲುಬಿಗೆ ಕೈ ಹಾಕಿದರೆ ಗುರ್ ಅನ್ನುತ್ತದೆ. ಕಟ್ಟಿಹಾಕಿದರೆ ಕುಂಯ್‌ಗುಡುತ್ತದೆ. ನಡುರಾತ್ರಿ ಮುಖ ಮೇಲೆತ್ತಿ ಊಳಿಡುತ್ತದೆ. ಊಳಿಟ್ಟರೆ ಕೇಡು ಅಂತ ಹಿರಿಯರು ಎದ್ದು ಕೂರುತ್ತಾರೆ. ತೋಳದ ಕುಲದ್ದು, ದೂರದ ಜೊತೆಗಾರರನ್ನು ಕರೆಯುತ್ತದೆ ಅಷ್ಟೇ. ಪರೀಕ್ಷೆಯಲ್ಲಿ ನಾಲ್ಕಕ್ಕೂ 'ಕೂಗುತ್ತದೆ' ಅಂತ ಬರೆದವರಿಗೆ ನಾನು ಅರ್ಧ ಮಾರ್ಕು ಕೊಡುತ್ತೇನೆ.

ನಾಯಿಪಾಡು ಅಂದ್ರೆ?

ಅಲೆದಾಟ, ಅವಮಾನ, ಹೊತ್ತು ಹೊತ್ತಿಗೆ ಊಟ ಇಲ್ಲ, ನಿಲ್ಲಲು ನೆಲೆ ಇಲ್ಲ. ನಾಲ್ಕೂ ಕೂಡಿದರೆ ನಾಯಿಪಾಡು. ಹುಬ್ಬಳ್ಳಿಯ ಆಟೋದವರು ಗುಂಡಿ ಬಿದ್ದ ರಸ್ತೆಯಲ್ಲಿ "ನಾಯಿಪಾಡ ಆಗೇತ್ರಿ ಸರ್" ಅಂದರೆ ಬೈಗುಳ ಅಲ್ಲ, ನಿವೇದನೆ. ನೀವು "ಹೌದ್ರಿ" ಅನ್ನಬೇಕು. ಬಾಡಿಗೆ ಕಡಿಮೆ ಆಗುವುದಿಲ್ಲ, ಮಾತು ಮುಂದುವರಿಯುತ್ತದೆ.

ನಾಯಿಕೊಡೆ, ನಾಯಿಕೆಮ್ಮು, ನಾಯಿಸಾಸಿವೆ: ಇದರಲ್ಲಿ ನಾಯಿ ಎಲ್ಲಿದೆ?

ಎಲ್ಲೂ ಇಲ್ಲ. ಗಿಡಮರದ ಹೆಸರಿನ ಮುಂದೆ ನಾಯಿ ಬಂದರೆ ಬಹಳ ಸಲ 'ಅದರ ಹಾಗೇ ಕಾಣುತ್ತೆ, ಆದರೆ ಅದಲ್ಲ' ಅಂತ ಅರ್ಥ. ಮಳೆಗಾಲದಲ್ಲಿ ಗದಗ ಕಡೆಯ ಹೊಲದ ಬದುವಿನಲ್ಲಿ ಹಳದಿ ಹೂವಿನ, ಮುಟ್ಟಿದರೆ ಅಂಟುವ ಒಂದು ಗಿಡ ಇರುತ್ತದೆ. ಉದ್ದ ಕಾಯಿ, ಒಳಗೆ ಸಾಸಿವೆಯಂಥ ಸಣ್ಣ ಬೀಜ. ಅದೇ ನಾಯಿಸಾಸಿವೆ. ನಾಯಿತುಳಸಿ, ನಾಯಿನೇರಳೆ ಕೂಡ ಇದೇ ಸಾಲಿನವು. ಒಳ್ಳೆಯದು ಮನುಷ್ಯರಿಗೆ, ಉಳಿದದ್ದು ನಾಯಿ ಹೆಸರಿಗೆ.

ನಾಯಿಕೊಡೆ ಅಂದರೆ ಅಣಬೆ. ಕೆಲವರು ತಿನ್ನುವಂಥದ್ದಕ್ಕೆ ಅಣಬೆ, ತಿನ್ನಬಾರದ್ದಕ್ಕೆ ನಾಯಿಕೊಡೆ ಅಂತ ಭೇದ ಮಾಡುತ್ತಾರೆ. ಹೆಸರು ನಂಬಿ ಅಡುಗೆ ಮಾಡಬೇಡಿ. ಪತ್ರಿಕೆಗಳಲ್ಲಿ ಇದು ಮಳೆ ಇಲ್ಲದೆಯೂ ಏಳುತ್ತದೆ: "ನಾಯಿಕೊಡೆಗಳಂತೆ ತಲೆ ಎತ್ತಿರುವ ಕೋಚಿಂಗ್ ಸೆಂಟರ್‌ಗಳು". ಧಾರವಾಡದಲ್ಲಿ ಇದ್ದು ಈ ವಾಕ್ಯ ಓದದವರು ಇರಲಾರರು.

ನಾಯಿಕೆಮ್ಮು ಬೇರೆ ವಿಷಯ, ನಗುವಂಥದ್ದಲ್ಲ. ಬ್ಯಾಕ್ಟೀರಿಯಾದಿಂದ ಬರುವ ರೋಗ. ಮಗು ಬಿಟ್ಟೂಬಿಡದೆ ಕೆಮ್ಮಿ, ಕೊನೆಗೆ ಉಸಿರೆಳೆದುಕೊಳ್ಳುವಾಗ ವಿಚಿತ್ರ ಸದ್ದು ಬರುತ್ತದೆ. ಹೆಸರು ಆ ಕೆಮ್ಮಿನಿಂದ ಬಂದದ್ದು. ನಾಯಿಯಿಂದ ಹರಡುವುದಿಲ್ಲ, ಕೆಮ್ಮುವ ಮನುಷ್ಯರಿಂದ ಹರಡುತ್ತದೆ. ಮಗುವಿಗೆ 6, 10 ಮತ್ತು 14 ವಾರಕ್ಕೆ ಹಾಕಿಸುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಇದಕ್ಕೂ ತಡೆ ಇದೆ. ಆಮೇಲೆ ಡಿಪಿಟಿ ಬೂಸ್ಟರ್ ತಪ್ಪಿಸಬೇಡಿ. ಮನೆಯ ನಾಯಿಯನ್ನು ಹೊರಗೆ ಅಟ್ಟಿದರೆ ನಾಯಿಕೆಮ್ಮು ಹೋಗುತ್ತದೆ ಅಂದುಕೊಂಡ ಒಂದು ಕುಟುಂಬ ನನಗೆ ಗೊತ್ತು. ಪಾಪ, ಟಾಮಿ.

ನೀರುನಾಯಿ, ಸೀಳುನಾಯಿ ನಾಯಿಗಳೇ?

ಸೀಳುನಾಯಿ ಹೌದು, ನಾಯಿಯ ಬಳಗದ್ದೇ. ಕೆಂಪು ಮೈ, ಗುಂಪಿನ ಬೇಟೆ. ಬೊಗಳುವುದಕ್ಕಿಂತ ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತದೆ. ನಮಗೆ ಹತ್ತಿರ ಅಂದರೆ ದಾಂಡೇಲಿ ಕಾಡಿಗೆ ಹೋಗಬೇಕು.

ನೀರುನಾಯಿ ನಾಯಿಯೇ ಅಲ್ಲ. ನದಿಯಲ್ಲಿ ಮೀನು ಹಿಡಿದು ಬದುಕುವ, ಮುಂಗುಸಿಯಂತೆ ಉದ್ದ ಮೈಯ ಪ್ರಾಣಿ. ತುಂಗಭದ್ರೆಯಲ್ಲಿದೆ. ಹಾವೇರಿ, ಗದಗ ಜಿಲ್ಲೆಗಳ ಅಂಚು ಸವರಿಕೊಂಡು ಹೋಗುವ ಅದೇ ಹೊಳೆ. ಇನ್ನೂ ಕೆಳಗೆ, ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಿತ ಪ್ರದೇಶ ಮಾಡಿತು. ನಾವು ಇದಕ್ಕೆ ನೀರಿನ ನಾಯಿ ಅಂದರೆ, ಮರಾಠಿಯವರು ಪಾಣ್‌ಮಾಂಜರ್ ಅನ್ನುತ್ತಾರೆ, ಅಂದರೆ ನೀರಿನ ಬೆಕ್ಕು! ಹುಬ್ಬಳ್ಳಿಯಲ್ಲಿ ಈ ಜಗಳ ಇನ್ನೂ ಯಾಕೆ ಶುರುವಾಗಿಲ್ಲವೋ.

ತೋಳ ನಾಯಿಯ ಮೂಲಪುರುಷ. ತೋಳ ನೋಡಲು ಬಂಕಾಪುರಕ್ಕೆ ಹೋಗುವವರು ದಯವಿಟ್ಟು ಜಿಲ್ಲೆ ನೋಡಿಕೊಂಡು ಬಸ್ ಹತ್ತಿ. ತೋಳಧಾಮ ಇರುವುದು ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ. ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಯಲ್ಲಿ ಇರುವುದು ನವಿಲುಧಾಮ.

ದೇವರಗುಡ್ಡದಲ್ಲಿ ಮನುಷ್ಯರೇ ನಾಯಿ ಹಾಗೆ ಬೊಗಳ್ತಾರಂತೆ, ಹೌದಾ?

ಹೌದು. ಈ ಪ್ರಶ್ನೆಗೆ ನಾನು ಯಾವಾಗಲೂ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ದೇವರಗುಡ್ಡ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿದೆ. ಅಲ್ಲಿಯ ದೇವರು ಮಾಲತೇಶ. ಹೂವಿನಹಡಗಲಿ ಕಡೆಯ ಮೈಲಾರದಲ್ಲಿ ಮೈಲಾರಲಿಂಗ, ಮಹಾರಾಷ್ಟ್ರದ ಜೇಜುರಿಯಲ್ಲಿ ಖಂಡೋಬಾ, ಇವೆಲ್ಲ ಒಂದೇ ದೇವರ ಹೆಸರುಗಳು. ಶಿವ ಏಳು ಕೋಟಿ ಸೈನ್ಯದ ಜೊತೆ ಬಂದು ಮಣಿಕಾಸುರ, ಮಲ್ಲಾಸುರರನ್ನು ಕೊಂದ ಅನ್ನೋದು ಕಥೆ. ಆ ದೇವರ ಜೊತೆ ಕುದುರೆ ಇದೆ, ನಾಯಿಯೂ ಇದೆ. ಗೊರವಯ್ಯಗಳು ಆ ದೇವರ ಒಕ್ಕಲು. ಕಂಬಳಿಯ ನಿಲುವಂಗಿ, ಕೈಯಲ್ಲಿ ಡಮರುಗ, ಹಣೆ ತುಂಬ ಭಂಡಾರ, ಅಂದರೆ ಅರಿಶಿನದ ಪುಡಿ. ದಸರಾ ಹೊತ್ತಿಗೆ ಕಾರ್ಣಿಕ ನಡೆಯುತ್ತದೆ. ಗೊರವಯ್ಯ ಎತ್ತರದ ಬಿಲ್ಲು ಏರಿ, ಸದ್ದು ಅಡಗಿಸಿ, ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲಿನಲ್ಲಿ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಜನ ಹುಡುಕುತ್ತಾರೆ.

ನೀವು ಕೇಳಿದ್ದು ದೋಣಿ ಸೇವೆ. ಇಲ್ಲಿ ದೋಣಿ ಅಂದರೆ ಹೊಳೆ ದಾಟುವುದಲ್ಲ, ಪಾತ್ರೆ. ಹರಕೆ ಹೊತ್ತವರು ಅದನ್ನು ತುಂಬಿಸುತ್ತಾರೆ. ಹಾಲು, ತುಪ್ಪ, ಬಾಳೆಹಣ್ಣು, ಸಕ್ಕರೆ. ಗೊರವಯ್ಯಗಳು ಅದರ ಸುತ್ತ ಮಂಡಿಯೂರಿ, ಬೊಗಳುತ್ತಾ, ಒಬ್ಬರನ್ನೊಬ್ಬರು ಗುರ್ ಅನ್ನುತ್ತಾ, ಬಾಯಿ ಹಾಕಿ ತಿನ್ನುತ್ತಾರೆ.

ನಾನು ಚಿಕ್ಕವನಿದ್ದಾಗ ಅಪ್ಪ, ಅವ್ವನ ಜೊತೆ ಹೋಗಿದ್ದೆ. ಆ ಮಂಡಿಯೂರಿದವರಲ್ಲಿ ಒಬ್ಬರು ನಮ್ಮ ಅಜ್ಜನ ಊರಿನ ಕಿರಾಣಿ ಅಂಗಡಿ ಕಾಕಾ. ಅಂಗಡಿಯಲ್ಲಿ ಉದ್ರಿ ಕೇಳಿದರೆ ಮುಖ ಎತ್ತದ ಮನುಷ್ಯ. ಅಲ್ಲಿ ಹಾಲು ಗಲ್ಲಕ್ಕೆ ಮೆತ್ತಿಕೊಂಡು, ಪಕ್ಕದವರ ಹೆಗಲಿಗೆ ಹೆಗಲು ಕೊಟ್ಟು ಬೊಗಳುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅವ್ವ ನನ್ನ ತೊಡೆ ಚಿವುಟಿದಳು, ಈಗಲೂ ನೆನಪಿದೆ. ಸುತ್ತ ಸಾವಿರಾರು ಜನ, ಒಬ್ಬರೂ ನಗುತ್ತಿರಲಿಲ್ಲ. ಕೈ ಮುಗಿದು ನಿಂತಿದ್ದರು. ಆಮೇಲೆ ಕಾಕಾ ಎದ್ದು, ಕಂಬಳಿಯ ಅಂಚಿನಿಂದ ಬಾಯಿ ಒರೆಸಿಕೊಂಡು, ಅಪ್ಪನ ಹತ್ತಿರ ಬಂದು ಅಂಗಡಿಯ ದನಿಯಲ್ಲೇ ಕೇಳಿದರು: "ಬಸ್ಸು ಎಷ್ಟಕ್ಕೈತಿ?"

ಅವರಿಗೆ ಅವತ್ತು ಯಾರಾದರೂ ನಾಯಿ ಅಂದಿದ್ದರೆ ಬೇಜಾರಾಗುತ್ತಿರಲಿಲ್ಲ. ಅಲ್ಲಿ ಅದು ದೇವರ ಬಾಗಿಲಲ್ಲಿ ಇರುವ ಒಂದು ಸ್ಥಾನ. ನಾಳೆ ಅಂಗಡಿಯಲ್ಲಿ ಅಂದರೆ ತಕ್ಕಡಿ ಬಟ್ಟು ಎಸೆಯುತ್ತಿದ್ದರು.

ನಾಯಿಗೆ ಯಾರಾದರೂ ಕಲ್ಲು ನೆಟ್ಟಿದ್ದಾರಾ?

ಎಸೆದವರೇ ಜಾಸ್ತಿ, ನೆಟ್ಟವರೂ ಇದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕಾಲ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲ. ಗಂಗರ ಬೂತುಗನ ಬಂಟ ಮಣಲೇರ. ತಕ್ಕೋಲದ ಯುದ್ಧದ ಸಾಹಸಕ್ಕೆ ಮೆಚ್ಚಿ ಏನು ಬೇಕು ಕೇಳು ಅಂದರೆ ಮಣಲೇರ ಕೇಳಿದ್ದು ಊರನ್ನಲ್ಲ, ಕಾಳಿ ಅನ್ನೋ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ವ್ಯವಸ್ಥೆ ಮಾಡಿದರು. ನಾಯಿ ಮತ್ತು ಹಂದಿ ಕಾದಾಡುವ ಚಿತ್ರವೂ ಕಲ್ಲಿನ ಮೇಲಿದೆ. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಕಂತ್ರಿ ನಾಯಿ ಅಂದ್ರೆ ಯಾವ ತಳಿ?

ತಳಿಯೇ ಇಲ್ಲದ್ದು, ನಮ್ಮ ಓಣಿಯದು. ಇಂಗ್ಲಿಷರು ದೇಸಿ ನಾಯಿಗೆ ಕಂಟ್ರಿ ಡಾಗ್ ಅನ್ನುತ್ತಿದ್ದರು, ನಮ್ಮವರ ಬಾಯಲ್ಲಿ ಅದು ಕಂತ್ರಿ ಆಯಿತು ಅಂತ ಹೇಳುತ್ತಾರೆ. ನಾಡಿನದು ಅಂತ ಇದ್ದ ಮಾತು ಕೆಟ್ಟದ್ದು ಅಂತ ಆಗಿ ಈಗ 'ಕಂತ್ರಿ ಬುದ್ಧಿ'ವರೆಗೆ ಬಂದಿದೆ. ಇದು ನನಗೆ ಅಷ್ಟು ಹಿಡಿಸುವುದಿಲ್ಲ. ಕಂತ್ರಿ ನಾಯಿಯಷ್ಟು ಗಟ್ಟಿ ಜೀವ ಯಾವುದಿದೆ?

ದೇಸಿ ನಾಯಿಗಳಲ್ಲಿ ಮರ್ಯಾದೆ ಉಳಿಸಿಕೊಂಡದ್ದು ನಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ. ಸಣಕಲು ಮೈ, ಉದ್ದ ಕಾಲು, ಓಡಿದರೆ ಗಾಳಿ. ಮುಧೋಳದ ಘೋರ್ಪಡೆ ಅರಸರು ಇದರ ತಳಿ ಕಾಪಾಡಿದರು, ಬ್ರಿಟಿಷ್ ದೊರೆ ಐದನೇ ಜಾರ್ಜ್‌ಗೂ ಉಡುಗೊರೆ ಕೊಟ್ಟರು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು.

ದಿನಾ ಕೇಳೋ ಗಾದೆಗಳು ಯಾವುವು?

"ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ್ರೆ ನೆಟ್ಟಗಾದೀತೇನು?" ತಿದ್ದಲಾಗದವರಿಗೆ. ಪಾಪ, ನಾಯಿ ತನ್ನ ಬಾಲ ನೆಟ್ಟಗಾಗಲಿ ಅಂತ ಯಾರನ್ನೂ ಕೇಳಿಲ್ಲ.

"ನಾಯಿಗೆ ಕೆಲಸ ಇಲ್ಲ, ನಿಲ್ಲಾಕ ಹೊತ್ತಿಲ್ಲ." ಇದು ನನಗೆ ಬಹಳ ಇಷ್ಟ. ಮೂರು ವಾಟ್ಸಾಪ್ ಗುಂಪುಗಳ ಅಡ್ಮಿನ್ ಆಗಿರುವ ನಿವೃತ್ತರನ್ನು ನೋಡಿದರೆ ಅರ್ಥ ತಾನೇ ಹೊಳೆಯುತ್ತದೆ.

"ನಾಯಿ ಬೊಗಳಿದ್ರೆ ದೇವಲೋಕ ಹಾಳೇ?" ನಿಂದೆಗೆ ತಲೆ ಕೆಡಿಸಿಕೊಳ್ಳಬೇಡ ಅಂತ. ಸ್ವಲ್ಪ ಜಂಬವೂ ಇದೆ, ಹೇಳುವವನು ತನ್ನನ್ನೇ ದೇವಲೋಕ ಅಂದುಕೊಂಡಿರುತ್ತಾನೆ.

"ಬೊಗಳೋ ನಾಯಿ ಕಚ್ಚೋದಿಲ್ಲ." ನಮ್ಮ ಓಣಿಯ ಪೋಸ್ಟ್‌ಮನ್ ಇದನ್ನು ಒಪ್ಪುವುದಿಲ್ಲ. ಗಾದೆ ಗೊತ್ತಿರುವುದು ತನಗೆ, ನಾಯಿಗಲ್ಲ ಅನ್ನುತ್ತಾರೆ.

ಇಷ್ಟೆಲ್ಲಾ ಬೈದ ಬಾಯಲ್ಲೇ "ನಾಯಿಗಿರೋ ನಿಯತ್ತು ನಿನಗಿಲ್ಲ" ಅನ್ನೋದೂ ಬರುತ್ತದೆ. ಮಹಾಭಾರತದ ಕೊನೆಯಲ್ಲಿ ಸ್ವರ್ಗದ ಬಾಗಿಲವರೆಗೆ ಧರ್ಮರಾಯನ ಹಿಂದೆ ನಡೆದು ಬಂದದ್ದು ಒಂದು ನಾಯಿ. ಅದನ್ನು ಹೊರಗೆ ಬಿಟ್ಟು ಒಳಗೆ ಬರಲಾರೆ ಅಂದ ಆತ.

ಇಂಗ್ಲಿಷಿನ ಡಾಗ್‌ಗೆ ಎಲ್ಲಾ ಕಡೆ ನಾಯಿ ಅಂತ ಹಾಕಬಹುದಾ?

ಬೇಡ. ಹಾಟ್ ಡಾಗ್ ಅನ್ನೋದನ್ನು ಬಿಸಿ ನಾಯಿ ಮಾಡಿದ ಮೆನು ಕಾರ್ಡ್ ಒಂದು ನನ್ನ ಕಣ್ಣಿಗೆ ಬಿದ್ದಿದೆ, ಯಾರೂ ಆರ್ಡರ್ ಮಾಡಿರಲಿಕ್ಕಿಲ್ಲ. ರೈಲು ಊರಾದ ಹುಬ್ಬಳ್ಳಿಯಲ್ಲಿ ಹಳಬರಿಗೆ ಡಾಗ್ ಸ್ಪೈಕ್ ಗೊತ್ತು. ಕಟ್ಟಿಗೆಯ ಸ್ಲೀಪರ್‌ಗೆ ಹಳಿ ಬಿಗಿಯುತ್ತಿದ್ದ ದಪ್ಪ ಮೊಳೆ. ಅದರ ತಲೆಯ ಎರಡು ಬದಿಯ ಮೊನೆಗಳು ನಾಯಿಯ ಕಿವಿ ಥರ ಇರುತ್ತವೆ. ಅದನ್ನು ಯಾರೂ ನಾಯಿಮೊಳೆ ಅನ್ನಲಿಲ್ಲ, ಡಾಗ್ ಸ್ಪೈಕ್ ಅಂತಲೇ ಅಂದರು. ಅವರು ಡಾಗ್ ಸ್ಟಾರ್ ಅನ್ನುವ ನಕ್ಷತ್ರ ನಮಗೆ ಲುಬ್ಧಕ, ಅಂದರೆ ಬೇಟೆಗಾರ. ಅವರು ಆಕಾಶದಲ್ಲಿ ನಾಯಿ ಕಂಡರು, ನಮ್ಮವರು ನಾಯಿಯ ಯಜಮಾನನನ್ನು ಕಂಡರು. ವಾಚ್‌ಡಾಗ್ ಮಾತ್ರ ಚೆನ್ನಾಗಿ ಕನ್ನಡಕ್ಕೆ ಬಂದಿದೆ, ಕಾವಲುನಾಯಿ.

"ಹುಚ್ಚುನಾಯಿ ಕಡದೈತೇನು?" ಅಂದ್ರೆ?

ತಲೆ ಕೆಟ್ಟಿದೆಯಾ ಅಂತ. ಬರೀ ಮಾತು. ಆದರೆ ನಿಜವಾಗಿ ಯಾವುದೇ ನಾಯಿ ಕಡಿದರೆ ಮಾತು ನಿಲ್ಲಿಸಿ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಖಾರದ ಪುಡಿ, ಸುಣ್ಣ, ಅರಿಶಿನ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಿ, ವೈದ್ಯರು ಕೊಟ್ಟ ತಾರೀಖುಗಳನ್ನು ಒಂದೂ ತಪ್ಪಿಸಬೇಡಿ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅನ್ನೋದು ಹಳೇ ಕಾಲದ ಕಥೆ, ಈಗ ತೋಳಿಗೇ ಕೊಡುತ್ತಾರೆ. ರೇಬಿಸ್ ಲಕ್ಷಣ ಕಂಡ ಮೇಲೆ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು.

ನಾಯಿಯನ್ನು ಕರೆಯೋದು, ಓಡಿಸೋದು ಹೇಗೆ?

ಓಡಿಸಲು "ಹಚಾ!" ಸಾಕು, ಕರ್ನಾಟಕದ ಎಷ್ಟೋ ಕಡೆಯ ನಾಯಿಗಳಿಗೆ ಅರ್ಥವಾಗುತ್ತದೆ. ಮೇಲೆ ಬಿಡಲು "ಛೂ". ಛೂ ಬಿಡೋದು ಅಂದರೆ ಮನುಷ್ಯರನ್ನು ಮನುಷ್ಯರ ಮೇಲೆ ಎತ್ತಿಕಟ್ಟೋದೂ ಹೌದು. ಕರೆಯಲು ಮನೆಗೊಂದು ರೀತಿ. ನಮ್ಮ ಆಯಿ ಏನೂ ಕೂಗುತ್ತಿರಲಿಲ್ಲ. ಕೊನೆಗೆ ಉಳಿದ ಹಿಟ್ಟಿನಲ್ಲಿ ಒಂದು ಸಣ್ಣ ರೊಟ್ಟಿ ಬಡಿಯುತ್ತಿದ್ದಳು, ನಾಯಿ ರೊಟ್ಟಿ ಅಂತಲೇ ಹೆಸರು. ಆ ಕೊನೇ ರೊಟ್ಟಿಯ ಸಪ್ಪಳ ಬೇರೆ ಇರುತ್ತಿತ್ತೋ ಏನೋ, ಕರಿಯಾ ಅಷ್ಟು ಹೊತ್ತಿಗೆ ಹಿತ್ತಲ ಬಾಗಿಲಿಗೆ ಬಂದು ಕೂತಿರುತ್ತಿತ್ತು.

"ನಾಯಿ ಇದೆ ಎಚ್ಚರಿಕೆ" ಅನ್ನೋ ಬೋರ್ಡು ಸರಿಯಾ, "ನಾಯಿಗಳಿವೆ ಎಚ್ಚರಿಕೆ" ಸರಿಯಾ?

ಎಷ್ಟು ನಾಯಿ ಇವೆ ಅನ್ನೋದರ ಮೇಲೆ. ಧಾರವಾಡದ ಹಳೇ ಬಡಾವಣೆಗಳಲ್ಲಿ ಬಹುವಚನದ ಬೋರ್ಡಿನ ಹಿಂದೆ ನಾನು ಬಹಳ ಸಲ ಕಂಡದ್ದು ಒಂದೇ ಒಂದು ಮುದಿ ಪಮೇರಿಯನ್. ಒಂದು ಮನೆಯಲ್ಲಿ ಅದೂ ಇರಲಿಲ್ಲ. ಕೇಳಿದ್ದಕ್ಕೆ ಯಜಮಾನರು ಪೇಪರ್ ಮಡಚದೆ ಹೇಳಿದರು: "ನಾಯಿ ಸತ್ತು ನಾಕು ವರ್ಷ ಆತ್ರಿ. ಬೋರ್ಡಿಗೆ ರೊಟ್ಟಿ ಹಾಕಬೇಕಾಗಿಲ್ಲ, ಇರ್ಲಿ ಬಿಡ್ರಿ."